ಪೈಲಟ್ಟಾ, ಡಿಗ್ರಿಯಾ? ಐವತ್ತು ಲಕ್ಷಕ್ಕೆ ಮೊದಲು ಐದು ಸಾವಿರದ ಕೆಲಸ

ಪ್ರತಿ ವರ್ಷ ಸೆಕೆಂಡ್ ಪಿಯು ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿಲ್ಲ. ನಾನು ಕುಮಟಾದಲ್ಲಿ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂರುವವನು. ಪರಿಚಯದವರು, ಪರಿಚಯದವರ ಪರಿಚಯದವರು ಎಲ್ಲ ಕೇಳುವುದು ಒಂದೇ: "ಪೈಲಟ್ ಕೋರ್ಸಿಗೆ ಎಷ್ಟು ಸಾಲ ಸಿಗ್ತದೆ?" ಅದು ನಾಲ್ಕನೆಯದಾಗಿ ಕೇಳಬೇಕಾದ ಪ್ರಶ್ನೆ. ಎಲ್ಲರೂ ಅದನ್ನೇ ಮೊದಲು ಕೇಳುತ್ತಾರೆ.

ಈ ಸಲ ಫೋನ್ ಮಾಡಿದ್ದು ಭಾವ, ಶಿರಸಿಯಿಂದ. ಅಕ್ಕನ ಮಗಳಿಗೆ ಪಿಸಿಎಂನಲ್ಲಿ ಮಾರ್ಕ್ಸ್ ಚೆನ್ನಾಗಿ ಬಂದಿದೆ. ಭಾವನಿಗೆ ಅವಳು ಇಂಜಿನಿಯರಿಂಗ್ ಸೇರಲಿ ಅಂತ. ಅವಳಿಗೆ ವಿಮಾನ. ಈ ಹುಚ್ಚಿನಲ್ಲಿ ನನ್ನದೂ ಸ್ವಲ್ಪ ಪಾಲಿದೆ ಅನ್ನಿ. ದೀಪಾವಳಿ ರಜೆಗೆ ಬಂದಾಗ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ನಿಲ್ಲಿಸಿದ್ದಾರಲ್ಲ, 2017ರಲ್ಲಿ ಸೇವೆಯಿಂದ ನಿವೃತ್ತಿಯಾದದ್ದು, ಅದರ ಕೆಳಗೆ ನಿಂತು ಪ್ರೊಪೆಲ್ಲರ್ ಎಣಿಸಿದಳು. ನಾಲ್ಕು ಇಂಜಿನ್, ಎಂಟು ಪ್ರೊಪೆಲ್ಲರ್. ಒಂದೊಂದು ಇಂಜಿನ್ನಿಗೆ ಎರಡೆರಡು, ಒಂದು ಈ ಕಡೆ ತಿರುಗಿದರೆ ಅದರ ಬೆನ್ನಿಗಿರುವುದು ಆ ಕಡೆ. "ಮಾವ, ಇದನ್ನ ಹಾರಿಸಲೆ ಎಂತ ಓದವು?" ಅಂತ ಕೇಳಿದಳು. ನಾನು ಮುಂಡಕ್ಕಿ ತಿನ್ನುತ್ತಾ ಏನೋ ಹೇಳಿ ಜಾರಿಕೊಂಡೆ. ಈಗ ಜಾರಿಕೊಳ್ಳುವ ಹಾಗಿಲ್ಲ.

ಅವಳಿಗೆ ಹೇಳಿದ್ದನ್ನೇ ಕ್ರಮವಾಗಿ ಬರೆಯುತ್ತೇನೆ. ಇದರಲ್ಲಿ ಕ್ರಮವೇ ಮುಖ್ಯ. ಕಡಿಮೆ ಖರ್ಚಿನಲ್ಲಿ ಗೊತ್ತಾಗುವುದನ್ನು ಮೊದಲು ತಿಳಿದುಕೊಳ್ಳಬೇಕು, ದುಡ್ಡು ಕಟ್ಟುವುದು ಕೊನೆಗೆ. ನಮ್ಮಲ್ಲಿ ಹೆಚ್ಚಿನವರು ಉಲ್ಟಾ ಮಾಡುತ್ತಾರೆ.

ಹೆಜ್ಜೆ 1: ವಿಮಾನ ಇಷ್ಟವಾ, ಆ ಕೆಲಸ ಇಷ್ಟವಾ?

ಎರಡೂ ಬೇರೆ ಬೇರೆ. ವಿಮಾನ ಯಾರಿಗೆ ಇಷ್ಟ ಇಲ್ಲ ಹೇಳಿ. ಆದರೆ ಏರ್‌ಲೈನ್ ಪೈಲಟ್‌ನ ಕೆಲಸ ಅಂದರೆ ಬೆಳಗಿನ ಜಾವ ಎದ್ದು ಹೋಗುವುದು, ಅದೇ ಊರುಗಳ ನಡುವೆ ಮತ್ತೆ ಮತ್ತೆ ಹೋಗಿ ಬರುವುದು, ಪುಸ್ತಕದಲ್ಲಿ ಬರೆದ ಹಾಗೆಯೇ ಚಾಚೂ ತಪ್ಪದೆ ಮಾಡುವುದು, ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಪರೀಕ್ಷೆ ಕೊಡುವುದು, ವರ್ಷ ವರ್ಷ ಡಾಕ್ಟರ ಮುಂದೆ ನಿಲ್ಲುವುದು. ಇದು ರಿಟೈರ್ ಆಗುವವರೆಗೂ ಮುಗಿಯುವುದಿಲ್ಲ. ಹಬ್ಬಕ್ಕೆ ಮನೆಗೆ ಬರುತ್ತೇನೆ ಅಂತ ಮೊದಲೇ ಮಾತು ಕೊಡಲು ಆಗುವುದಿಲ್ಲ. ಸಂಬಳ ಒಳ್ಳೆಯದೇ. ದೊಡ್ಡ ಏರ್‌ಲೈನ್‌ಗಳಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕ ಕೂರುವ ಪೈಲಟ್, ಆದವರಿಗೆ ತಿಂಗಳಿಗೆ ಲಕ್ಷದ ಮೇಲೆಯೇ ಸಿಗುತ್ತದೆ. ಆದರೆ ಆ ಕುರ್ಚಿಯವರೆಗೆ ಹೋಗುವುದೇ ದೊಡ್ಡ ಕಥೆ.

ಒಂದು ಅಗ್ಗದ ಪರೀಕ್ಷೆ ಇದೆ. ಪೈಲಟ್ ಪರೀಕ್ಷೆಯ ನ್ಯಾವಿಗೇಶನ್ ಮತ್ತು ಹವಾಮಾನದ ಪುಸ್ತಕ ಯಾರದ್ದಾದರೂ ಹಳೆಯದು ತಂದು ಒಂದು ತಿಂಗಳು ಓದಿ. 60 ಮೈಲಿ ಹೋಗುವಾಗ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ ಹೆಚ್ಚುಕಡಿಮೆ ಒಂದು ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ, ಇಂಥ ಲೆಕ್ಕಗಳು ಇರುತ್ತವೆ. ಮಧ್ಯಾಹ್ನ ಕಡಲಿನಿಂದ ಗಾಳಿ ಯಾಕೆ ಬೀಸುತ್ತದೆ, ರಾತ್ರಿ ಅದು ಯಾಕೆ ತಿರುಗುತ್ತದೆ ಅಂತ ಇರುತ್ತದೆ. ಅಂಕೋಲಾ, ಹೊನ್ನಾವರದಲ್ಲಿ ದೋಣಿಗೆ ಹೋಗುವವರಿಗೆ ಇದೆಲ್ಲ ಪುಸ್ತಕ ಇಲ್ಲದೆಯೇ ಗೊತ್ತು. ಓದುತ್ತಾ ಓದುತ್ತಾ "ಓ, ಅದಕ್ಕಾ ಹಾಗೆ!" ಅನ್ನಿಸಿದರೆ ಮುಂದಿನ ಹೆಜ್ಜೆಗೆ ಹೋಗಿ. ಹತ್ತನೇ ಪುಟಕ್ಕೆ ನಿದ್ದೆ ಬಂದರೆ ನಿಮಗೆ ಇಷ್ಟ ಇರುವುದು ಬಹುಶಃ ಯೂನಿಫಾರ್ಮ್. ಅದರಲ್ಲಿ ತಪ್ಪೇನಿಲ್ಲ, ಆದರೆ ಅದಕ್ಕೆ ಐವತ್ತು ಲಕ್ಷ ಜಾಸ್ತಿ ಆಯಿತು.

ಹೆಜ್ಜೆ 2: ಕಾಗದಪತ್ರ

ಇದನ್ನು ಬೇಗ ಮುಗಿಸುತ್ತೇನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಅಂದರೆ ಸಿಪಿಎಲ್‌ಗೆ, 18 ವರ್ಷ ತುಂಬಿರಬೇಕು, ಹನ್ನೆರಡನೇ ತರಗತಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಬೇಕು. ಕಾಮರ್ಸ್ ಓದಿದವರು ಇವೆರಡನ್ನು ಓಪನ್ ಸ್ಕೂಲಿನಲ್ಲಿ ಬರೆದು ಪಾಸಾಗಿ ಬಂದದ್ದೂ ಉಂಟು. ಡಿಗ್ರಿ ಬೇಕೇ ಬೇಕು ಅಂತ ನಿಯಮ ಇಲ್ಲ.

ಆದರೆ ಹೆಸರು ನೋಡಿಕೊಳ್ಳಿ. ನಮ್ಮ ಜಿಲ್ಲೆಯ ದೊಡ್ಡ ರೋಗ ಇದು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ. ಪೈಲಟ್ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಕಚೇರಿ ಡಿಜಿಸಿಎ. ಅದರ ಪರೀಕ್ಷೆ ಬರೆಯಲು ಮೊದಲು ಕಂಪ್ಯೂಟರ್ ನಂಬರ್ ಅಂತ ತೆಗೆದುಕೊಳ್ಳಬೇಕು. ಅದಕ್ಕೆ ನಿಮ್ಮ ಬೋರ್ಡಿನಿಂದ ಮಾರ್ಕ್ಸ್ ಕಾರ್ಡ್ ಪರಿಶೀಲನೆ ಆಗಬೇಕು. ಅಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಓಡಾಟ ಶುರು. ರಜೆಯಲ್ಲಿ ಸುಮ್ನೆ ಕೂತಿರುವಾಗ ಈ ಕೆಲಸ ಮುಗಿಸಿಬಿಡಿ. ಮುಂದೆ ಡಿಗ್ರಿಗೇ ಹೋದರೂ ಇದು ದಂಡವಲ್ಲ.

ಹೆಜ್ಜೆ 3: ಮೆಡಿಕಲ್, ದುಡ್ಡು ಕಟ್ಟುವ ಮೊದಲು

ನಾನು ಯಾಕೆ ಪೈಲಟ್ ಆಗಲಿಲ್ಲ ಅಂತ ಈಗ ಹೇಳುತ್ತೇನೆ.

ಪಿಯು ಮುಗಿದ ಕೂಡಲೇ ಬೆಂಗಳೂರಿನಲ್ಲಿ ಒಂದು ಸಂಸ್ಥೆಗೆ ಗ್ರೌಂಡ್ ಕ್ಲಾಸಿಗೆ, ಅಂದರೆ ಪುಸ್ತಕದ ಪಾಠಕ್ಕೆ, ಅಂತ ಅಡ್ವಾನ್ಸ್ ಕಟ್ಟಿದೆವು. ಆ ವರ್ಷದ ಚಾಲಿ ಅಡಿಕೆ ಮಾರಿದ ದುಡ್ಡು. ಮೆಡಿಕಲ್ ಆಮೇಲೆ ಮಾಡಿಸಿದರಾಯಿತು, ಹುಡುಗ ಗಟ್ಟಿಮುಟ್ಟಾಗಿದ್ದಾನೆ ಅಂತ ಅವರೂ ಹೇಳಿದರು, ನಾವೂ ನಂಬಿದೆವು. ಎರಡು ತಿಂಗಳು ಕಳೆದ ಮೇಲೆ ಮೆಡಿಕಲ್‌ಗೆ ಹೋದೆ. ಡಾಕ್ಟರು ಒಂದು ಸಣ್ಣ ಪುಸ್ತಕ ತೆರೆದರು, ಪುಟ ತುಂಬ ಬಣ್ಣ ಬಣ್ಣದ ಚುಕ್ಕಿ. ಮೊದಲ ಪುಟದಲ್ಲಿ 12 ಅಂತ ಇತ್ತು, ಹೇಳಿದೆ. ಆಮೇಲೆ ಒಂದು ಪುಟ ಬಂತು. "ಎಷ್ಟು ಕಾಣ್ತದೆ?" ಅಂದರು. 21 ಅಂದೆ. ಅವರು ಏನೂ ಹೇಳದೆ ಪುಟ ತಿರುಗಿಸಿದರು. ಹೊರಗೆ ಬಂದ ಮೇಲೆ ಸಾಲಿನಲ್ಲಿದ್ದ ಇನ್ನೊಬ್ಬನನ್ನು ಕೇಳಿದೆ. ಅವನಿಗೆ ಅದೇ ಪುಟದಲ್ಲಿ 74 ಕಂಡಿತ್ತು. ಕೆಂಪು ಹಸಿರು ಸರಿಯಾಗಿ ಬೇರೆ ಮಾಡಲು ಬಾರದವರಿಗೆ ಅಲ್ಲಿ 21 ಕಾಣುತ್ತದಂತೆ. ಹದಿನೆಂಟು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. ತೋಟದಲ್ಲಿ ಹಣ್ಣಡಿಕೆ ಹೆಕ್ಕುವಾಗ ನನ್ನ ಬುಟ್ಟಿಗೆ ಹಸಿರಡಿಕೆ ಯಾಕೆ ಬೀಳುತ್ತಿತ್ತು ಅಂತ ಮಾತ್ರ ಅವತ್ತು ಅರ್ಥ ಆಯಿತು. ಆ ಪುಸ್ತಕದಲ್ಲಿ ತಪ್ಪಿದವರಿಗೆ ಲ್ಯಾಂಟರ್ನ್ ಅಂತ ಇನ್ನೊಂದು ಪರೀಕ್ಷೆ ಇದೆ, ಕತ್ತಲೆ ಕೋಣೆಯಲ್ಲಿ ಸಣ್ಣ ದೀಪದ ಬಣ್ಣ ಹೇಳುವುದು. ಅದರಲ್ಲೂ ತಪ್ಪಿದೆ. ಅಡ್ವಾನ್ಸ್ ವಾಪಸ್ ಬರಲಿಲ್ಲ. ಆ ವರ್ಷ ಕಾಲೇಜಿನ ಸೀಟೂ ಹೋಗಿತ್ತು.

ಹಾಗಾಗಿ ಹೇಳುತ್ತೇನೆ, ಯಾರಿಗೂ ಒಂದು ರೂಪಾಯಿ ಕಟ್ಟುವ ಮೊದಲು ಮೆಡಿಕಲ್ ಮಾಡಿಸಿ. ಎರಡು ಹಂತ ಇದೆ. ಮೊದಲು ಕ್ಲಾಸ್ ಟೂ. ಡಿಜಿಸಿಎ ಒಪ್ಪಿದ ಡಾಕ್ಟರುಗಳ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಇರುತ್ತದೆ, ಅವರಲ್ಲಿಗೇ ಹೋಗಬೇಕು, ನಿಮ್ಮ ಊರಿನ ಫ್ಯಾಮಿಲಿ ಡಾಕ್ಟರ ಸರ್ಟಿಫಿಕೇಟ್ ನಡೆಯುವುದಿಲ್ಲ. ರಕ್ತ, ಮೂತ್ರ, ಇಸಿಜಿ, ಎದೆ ಎಕ್ಸ್‌ರೇ, ಕಿವಿ, ಕಣ್ಣು ಎಲ್ಲ ನೋಡುತ್ತಾರೆ. ಕೆಲವು ಸಾವಿರ ರೂಪಾಯಿಯ ಕೆಲಸ. ಅದಾದ ಮೇಲೆ ಕ್ಲಾಸ್ ಒನ್. ಸಿಪಿಎಲ್‌ಗೆ ಬೇಕಾದದ್ದು ಇದು. ಇದಕ್ಕೆ ನಮಗೆ ಬೆಂಗಳೂರೇ ಅನುಕೂಲ. ತರಬೇತಿ ಸಂಸ್ಥೆಗಳು ಕ್ಲಾಸ್ ಟೂ ಆದ ಕೂಡಲೇ ಸೇರಿಸಿಕೊಳ್ಳುತ್ತವೆ. ನೀವು ಮಾತ್ರ ಕ್ಲಾಸ್ ಒನ್ ಕೈಗೆ ಬರುವವರೆಗೆ ದೊಡ್ಡ ಮೊತ್ತ ಕಟ್ಟಬೇಡಿ.

ಕನ್ನಡಕ ಇದ್ದರೆ ಆಗುವುದೇ ಇಲ್ಲ ಅನ್ನುವುದು ಸುಳ್ಳು. ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಯಾಗಿ ಬಂದರೆ, ನಂಬರ್ ಮಿತಿಯೊಳಗೆ ಇದ್ದರೆ ಸಾಕು. ತೂಕ, ಬಿಪಿ, ಮೂಗಿನ ತೊಂದರೆ ಇಂಥದ್ದಕ್ಕೆ ಎಷ್ಟೋ ಸಲ "ತಾತ್ಕಾಲಿಕ ಅನ್‌ಫಿಟ್" ಅಂತ ಬರೆಯುತ್ತಾರೆ. ಸರಿ ಮಾಡಿಕೊಂಡು ಮತ್ತೆ ಹೋಗಬಹುದು. ಅದಕ್ಕೆ ಹೆದರಿ ಅಳುತ್ತಾ ಕೂರುವುದು ಬೇಡ.

ಹೆಜ್ಜೆ 4: ದುಡ್ಡು

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಇದು ನನ್ನ ದಿನದ ಕೆಲಸ.

ದೇಶದೊಳಗೆ ಸಿಪಿಎಲ್ ಮಾಡಲು ಈಗ ಸುಮಾರು 45ರಿಂದ 60 ಲಕ್ಷ ಹಿಡಿದುಕೊಳ್ಳಿ. ಬ್ರೋಷರಿನಲ್ಲಿ ಬರೆದ ಮೊತ್ತಕ್ಕೆ ಹಾಸ್ಟೆಲ್, ಊಟ, ಪರೀಕ್ಷೆ ಶುಲ್ಕ, ಪಾಸಾಗದೆ ಮತ್ತೆ ಬರೆಯುವುದು, ಹೆಚ್ಚುವರಿ ಗಂಟೆ ಹಾರುವುದು ಇದೆಲ್ಲ ಸೇರಿರುವುದಿಲ್ಲ. ಲೈಸೆನ್ಸ್ ಬಂದ ಮೇಲೂ ಮುಗಿಯಲಿಲ್ಲ. ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸಲು ಟೈಪ್ ರೇಟಿಂಗ್ ಅಂತ ಬೇರೆ ತರಬೇತಿ. ಅದು ಹದಿನೈದು ಲಕ್ಷದ ಆಚೀಚೆ, ಕೆಲವು ಕಡೆ ಇನ್ನೂ ಜಾಸ್ತಿ. ಎಲ್ಲ ಕೂಡಿಸಿದರೆ 80 ಲಕ್ಷದ ಹತ್ತಿರ ಬಂದರೆ ಆಶ್ಚರ್ಯಪಡಬೇಡಿ. ಏರ್‌ಲೈನ್‌ಗಳೇ ನಡೆಸುವ ಕೆಡೆಟ್ ಯೋಜನೆಗಳೂ ಇವೆ. ಅಲ್ಲಿ ಮೊದಲೇ ಆಯ್ಕೆ ಮಾಡಿಕೊಂಡು ತರಬೇತಿಗೆ ಕಳಿಸುತ್ತಾರೆ. ಖರ್ಚು ಕೋಟಿ ಮುಟ್ಟುವುದೂ ಉಂಟು. ಕೆಲಸದ ಮಾತಿಗೆ ಷರತ್ತುಗಳು ಅಂಟಿಕೊಂಡಿರುತ್ತವೆ, ಪೂರ್ತಿ ಓದಿ ಸಹಿ ಮಾಡಿ.

ಈಗ ಸಾಲ. ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಾದರೆ ಪೈಲಟ್ ತರಬೇತಿಗೂ ಎಜುಕೇಶನ್ ಲೋನ್ ಇದೆ. ಸಾಮಾನ್ಯವಾಗಿ ಏಳೂವರೆ ಲಕ್ಷದ ಮೇಲೆ ಹೋದರೆ ಆಸ್ತಿ ಅಡವಿಡಬೇಕು. ಇಲ್ಲೇ ನಮ್ಮ ಘಟ್ಟದ ಮೇಲಿನ, ಕೆಳಗಿನ ಜನ ಸಿಕ್ಕಿಬೀಳುವುದು. "ನಮಗೆ ಎರಡೆಕರೆ ತೋಟ ಇದೆ, ಸಾಲಕ್ಕೇನು ತೊಂದರೆ?" ಅಂತ ಬರುತ್ತಾರೆ. ತೊಂದರೆ ಇದೆ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಬಿಡುವ ಕಾಯ್ದೆ ಸರ್ಫೇಸಿ. ಅದರಡಿ ಕೃಷಿ ಜಮೀನನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಇಷ್ಟು ದೊಡ್ಡ ಶಿಕ್ಷಣ ಸಾಲಕ್ಕೆ ತೋಟದ ಪಹಣಿ ತಂದರೆ ಹೆಚ್ಚಿನ ಬ್ಯಾಂಕುಗಳು ಮುಖ ತಿರುಗಿಸುತ್ತವೆ. ಎನ್‌ಎ (ಕೃಷಿಯೇತರ) ಆದ ಜಾಗ, ಪೇಟೆಯ ಮನೆ, ಸೈಟು, ಠೇವಣಿ ಕೇಳುತ್ತವೆ. ಸೊಪ್ಪಿನ ಬೆಟ್ಟವನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ, ಅದು ಅರಣ್ಯ, ನಿಮಗಿರುವುದು ಸೊಪ್ಪು ತರುವ ಹಕ್ಕು ಮಾತ್ರ. ಮನೆ ಇದೆ ಅಂದರೂ ಅಜ್ಜನ ಹೆಸರಿನಲ್ಲಿ ಇರುತ್ತದೆ, ಹಿಸೆ ಆಗಿರುವುದಿಲ್ಲ, ಮುಂಬೈಯಲ್ಲಿರುವ ದೊಡ್ಡಪ್ಪನ ಸಹಿ ಬೇಕು. ದೊಡ್ಡಪ್ಪ "ವಿಮಾನಕ್ಕಾ? ನಂಗೆ ಗೊತ್ತಿಲ್ಲಪ್ಪ" ಅನ್ನುತ್ತಾರೆ. ನನ್ನ ಮೇಜಿನ ಮೇಲೆ ಹೀಗೆ ನಿಂತುಹೋದ ಕಡತಗಳೇ ಜಾಸ್ತಿ.

ಸಾಲ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. 50 ಲಕ್ಷ, ನೂರಕ್ಕೆ 11ರ ಬಡ್ಡಿ, ಹತ್ತು ವರ್ಷ. ತಿಂಗಳ ಕಂತು ಸುಮಾರು 69 ಸಾವಿರ. 80 ಲಕ್ಷವನ್ನು ಹದಿನೈದು ವರ್ಷಕ್ಕೆ ಎಳೆದರೆ ಸುಮಾರು 91 ಸಾವಿರ. ಓದುವಾಗ ಕಂತು ಇಲ್ಲ ಅಂತ ಖುಷಿಪಡಬೇಡಿ, ಬಡ್ಡಿ ಓಡುತ್ತಲೇ ಇರುತ್ತದೆ. 50 ಲಕ್ಷ ಪೂರ್ತಿ ಬಿಡುಗಡೆಯಾದ ಮೇಲೆ ವರ್ಷಕ್ಕೆ ಐದೂವರೆ ಲಕ್ಷ ಬರೀ ಬಡ್ಡಿ.

ಭಾವನಿಗೆ ಇದನ್ನು ಅಡಿಕೆಯ ಲೆಕ್ಕದಲ್ಲಿ ಹೇಳಿದೆ. ಕ್ವಿಂಟಲ್‌ಗೆ 45 ಸಾವಿರ ಅಂತ ಹಿಡಿದರೆ, 69 ಸಾವಿರದ ಕಂತಿಗೆ ವರ್ಷಕ್ಕೆ ಹದಿನೆಂಟು ಕ್ವಿಂಟಲ್‌ಗೂ ಜಾಸ್ತಿ ಅಡಿಕೆ ಹೋಗುತ್ತದೆ. ಅಡಿಕೆ ಕೊಯ್ಯುವ ಕೊನೆಗೌಡನ ಕೂಲಿ, ಮದ್ದು ಹೊಡೆಸುವುದು, ಗೊಬ್ಬರ ಎಲ್ಲ ಬೇರೆ. ಕೊಳೆ ರೋಗ ಬಂದ ವರ್ಷ, ಎಲೆಚುಕ್ಕಿ ರೋಗ ಬಿದ್ದ ವರ್ಷ ಏನು ಮಾಡುತ್ತೀರಿ? ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಕೆಲಸ ಸಿಕ್ಕರೆ ಅವಳೇ ತೀರಿಸ್ತಲ" ಅಂದರು. ಹೌದು, ಸಿಕ್ಕರೆ. ಏರ್‌ಲೈನ್‌ಗಳು ಒಂದೇ ಸಮನೆ ಜನ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ರಾಶಿ ರಾಶಿ, ನಿಲ್ಲಿಸಿದರೆ ಪೂರ್ತಿ ಬಂದ್. ಲೈಸೆನ್ಸ್ ಹಿಡಿದುಕೊಂಡು ವರ್ಷಗಟ್ಟಲೆ ಕಾದವರು ಇದ್ದಾರೆ. ಆ ಕಾಯುವ ಕಾಲದ ಕಂತು ಯಾರು ಕಟ್ಟುತ್ತಾರೆ ಅಂತ ಒಂದು ಕಾಗದದಲ್ಲಿ ಹೆಸರು ಬರೆದಿಡಿ. ಹೆಸರು ಬರೆಯಲು ಆಗಲಿಲ್ಲವಾದರೆ ಪೂರ್ತಿ ಸಾಲದ ಮೇಲೆ ಹೋಗಬೇಡಿ.

ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಖಾಸಗಿ ಸಂಸ್ಥೆಗೆ ಫೋನ್ ಮಾಡುವ ಮೊದಲು ಸಮಾಜ ಕಲ್ಯಾಣ ಇಲಾಖೆಯಲ್ಲಿ ಪೈಲಟ್ ತರಬೇತಿಯ ನೆರವಿನ ಬಗ್ಗೆ ಕೇಳಿ.

ಹೆಜ್ಜೆ 5: ದುಡ್ಡು ಕೊಡದೆ ಹಾರುವ ದಾರಿ

ಕಾರವಾರದಲ್ಲಿ ಹುಟ್ಟಿ, ದಿನಾ ಅರ್ಗಾದ ಕದಂಬ ನೌಕಾನೆಲೆಯ ಗೇಟಿನ ಮುಂದೆ ಓಡಾಡಿಯೂ ಸೈನ್ಯದಲ್ಲಿ ಪೈಲಟ್ ಆಗುವುದನ್ನು ಯೋಚಿಸದವರು ಎಷ್ಟು ಜನ! ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಅಂತ ಮಾತಾಡುತ್ತಾರೆ, ಅದಕ್ಕೆ ಭೂಮಿ ಹೋದವರ ಕಷ್ಟ ಮಾತಾಡುತ್ತಾರೆ, ಆದರೆ ಅಲ್ಲಿ ಇಳಿಯುವ ವಿಮಾನ ಹಾರಿಸುವವರು ನಮ್ಮ ಮಕ್ಕಳೂ ಆಗಬಹುದು ಅನ್ನುವುದು ಮಾತಿಗೆ ಬರುವುದಿಲ್ಲ.

ಎನ್‌ಡಿಎ, ಅಂದರೆ ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ, ಅದರ ಪರೀಕ್ಷೆ ವರ್ಷಕ್ಕೆ ಎರಡು ಸಲ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. 2021ರಿಂದ ಹುಡುಗಿಯರೂ ಬರೆಯುತ್ತಿದ್ದಾರೆ. ಆಯ್ಕೆಯಾದರೆ ಡಿಗ್ರಿಯೂ ಅಲ್ಲೇ, ಹಾರಾಟವೂ ಅಲ್ಲಿಂದಲೇ, ಖರ್ಚು ಸರ್ಕಾರದ್ದು. ಡಿಗ್ರಿ ಮಾಡಿ ಆಮೇಲೆ ಹೋಗುವುದಾದರೆ ವಾಯುಪಡೆಯ ಫ್ಲೈಯಿಂಗ್ ಬ್ರಾಂಚಿಗೆ ಎಎಫ್‌ಕ್ಯಾಟ್ ಅನ್ನುವ ಪರೀಕ್ಷೆ ಇದೆ, 20ರಿಂದ 24ರ ವಯಸ್ಸಿನವರಿಗೆ. ಅದಕ್ಕೆ ಪಿಯುನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು, ಡಿಗ್ರಿಯಲ್ಲಿ 60 ಪರ್ಸೆಂಟ್ ಬೇಕು. ನೌಕಾಪಡೆಗೂ ಪೈಲಟ್ ಆಗಿ ಡಿಗ್ರಿ ಮೇಲೆ ಸೇರಬಹುದು.

ಆದರೆ ಇದು ಅಗ್ಗದ ಏರ್‌ಲೈನ್ ತರಬೇತಿ ಅಂತ ತಿಳಿದು ಹೋಗಬೇಡಿ. ಅದು ಸೈನ್ಯ. ಬದುಕು ಬೇರೆ, ಒಪ್ಪಂದದ ವರ್ಷಗಳು ಬೇರೆ. ಮೆಡಿಕಲ್ ಇನ್ನೂ ಕಟ್ಟುನಿಟ್ಟು.

ಹೆಜ್ಜೆ 6: ಡಿಗ್ರಿಯನ್ನೂ ಸರಿಯಾಗಿ ತೂಗಿ

ಪೈಲಟ್ ಆಗಲು ಹೊರಟವರು ಡಿಗ್ರಿಯನ್ನು ಸೋತವರ ದಾರಿ ಅಂತ ನೋಡುತ್ತಾರೆ. ಅಪ್ಪ ಅಮ್ಮ ಅದನ್ನು ಒಂದೇ ದಾರಿ ಅಂತ ನೋಡುತ್ತಾರೆ. ಎರಡೂ ಸರಿಯಲ್ಲ. ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಇಟಿ ಸೀಟು ಸಿಕ್ಕರೆ ನಾಲ್ಕು ವರ್ಷದ ಶುಲ್ಕ ಹಾರಾಟದ ಕೆಲವೇ ಗಂಟೆಗಳ ಖರ್ಚಿಗೆ ಸಮ. ಶಿರಸಿಯಲ್ಲೋ, ಕುಮಟಾದಲ್ಲೋ ಮನೆಯಿಂದಲೇ ಹೋಗಿ ಬಿಎಸ್ಸಿ ಮಾಡಿದರೆ ಇನ್ನೂ ಕಡಿಮೆ.

ಪೈಲಟ್‌ನ ಕೆಲಸ ನಿಂತಿರುವುದು ಒಂದು ಮೆಡಿಕಲ್ ಕಾಗದದ ಮೇಲೆ. ನಲವತ್ತಕ್ಕೆ ಸಕ್ಕರೆ ಕಾಯಿಲೆಯೋ, ಹೃದಯದ ತೊಂದರೆಯೋ ಬಂದರೆ ಆ ಕಾಗದ ಹೋಗಬಹುದು. ಅದು ಗಟ್ಟಿ ಇದ್ದರೂ ಕಂಪನಿ ಗಟ್ಟಿ ಇರಬೇಕಲ್ಲ. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ. 2020ರಲ್ಲಿ ಕೊರೊನಾಗೆ ಎರಡು ತಿಂಗಳು ದೇಶದೊಳಗಿನ ವಿಮಾನಗಳೇ ಹಾರಲಿಲ್ಲ. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು. ಈ ಹೊತ್ತಿನಲ್ಲಿ ಕೈಯಲ್ಲೊಂದು ಡಿಗ್ರಿ ಇದ್ದವರು ಬೇರೆ ಕೆಲಸಕ್ಕೆ ಅರ್ಜಿಯನ್ನಾದರೂ ಹಾಕಬಹುದು. ಬರೀ ಪಿಯು ಇದ್ದವರಿಗೆ ಎಷ್ಟೋ ಅರ್ಜಿಗಳು ತೆರೆಯುವುದೇ ಇಲ್ಲ.

ಇನ್ನೊಂದು ಕಡೆಯ ಮಾತೂ ಇದೆ. ಏರ್‌ಲೈನಿನಲ್ಲಿ ಸೀನಿಯಾರಿಟಿ ದೊಡ್ಡದು. ಬೇಗ ಸೇರಿದವರು ಬೇಗ ಕ್ಯಾಪ್ಟನ್ ಆಗುತ್ತಾರೆ. ಡಿಗ್ರಿಗೆ ನಾಲ್ಕು ವರ್ಷ ಕೊಟ್ಟರೆ ಆ ನಾಲ್ಕು ವರ್ಷ ಹೋಯಿತು. ಆದರೆ 65ರವರೆಗೆ ಹಾರಿಸುವ ಕೆಲಸದಲ್ಲಿ 22ಕ್ಕೆ ಶುರು ಮಾಡುವುದು ತಡ ಅಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ತೋಟ ಮಾರದೆ, ಯಾರ ಮುಂದೂ ಕೈಯೊಡ್ಡದೆ ಅರ್ಧಕ್ಕಿಂತ ಹೆಚ್ಚು ದುಡ್ಡು ಇದೆ, ಕ್ಲಾಸ್ ಒನ್ ಬಂದಿದೆ ಅಂದರೆ ಹದಿನೆಂಟಕ್ಕೇ ಹೋಗಿ. ಜೊತೆಗೆ ಮೈಸೂರಿನ ಮುಕ್ತ ವಿವಿಯಲ್ಲೋ, ಇಗ್ನೋದಲ್ಲೋ ಒಂದು ಡಿಗ್ರಿಗೆ ಹೆಸರು ಹಚ್ಚಿಡಿ. ರೆಗ್ಯುಲರ್ ಕಾಲೇಜು ಮತ್ತು ಹಾರಾಟ ಒಟ್ಟಿಗೆ ಆಗುವುದಿಲ್ಲ, ಹಾಜರಿಯೇ ಸಾಲುವುದಿಲ್ಲ. ದುಡ್ಡೆಲ್ಲ ಸಾಲದ್ದೇ ಆದರೆ ಡಿಗ್ರಿ ಮೊದಲು. ಕೊನೆಯ ವರ್ಷದಲ್ಲಿ ಡಿಜಿಸಿಎ ಪೇಪರುಗಳಿಗೆ ಓದಲು ಶುರು ಮಾಡಿ. ನ್ಯಾವಿಗೇಶನ್, ಹವಾಮಾನ, ಏರ್ ರೆಗ್ಯುಲೇಶನ್ಸ್, ಟೆಕ್ನಿಕಲ್, ಇವುಗಳಿಗೆ ನೂರಕ್ಕೆ 70 ಬಂದರೆ ಪಾಸು. ರೇಡಿಯೋದಲ್ಲಿ ಮಾತಾಡುವ ಲೈಸೆನ್ಸಿನ ಪರೀಕ್ಷೆ ಬೇರೆ. ಪಾಸಾದ ಪೇಪರಿಗೆ ಅವಧಿ ಇರುತ್ತದೆ, ತೀರಾ ಮುಂಚೆ ಬರೆದು ಇಟ್ಟುಕೊಳ್ಳಬೇಡಿ. ಈ ಪೇಪರುಗಳನ್ನು ಮನೆಯಲ್ಲೇ ಓದಿ ಪಾಸಾಗುವವರಿಗೆ ಹಾರಾಟದ ಶಾಲೆಯಲ್ಲಿ ಅರ್ಧ ತಲೆನೋವು ಕಡಿಮೆ.

ಹೆಜ್ಜೆ 7: ಶಾಲೆಯನ್ನು ಗೇಟಿನ ಹೊರಗೆ ನಿಂತು ನೋಡಿ

ಇಲ್ಲಿಯವರೆಗೆ ಬಂದು ಪೈಲಟ್ಟೇ ಅಂತ ತೀರ್ಮಾನ ಆದವರಿಗೆ ಇದು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮ ರಾಜ್ಯ ಸರ್ಕಾರದ ಹಳೆಯ ಹಾರಾಟ ಶಾಲೆ ಇದೆ. ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ಖಾಸಗಿ ಶಾಲೆಗಳಿವೆ. ಡಿಜಿಸಿಎ 2025ರಿಂದ ಶಾಲೆಗಳಿಗೆ ಶ್ರೇಣಿ ಕೊಡಲು ಶುರು ಮಾಡಿದೆ, ಅದನ್ನೂ ತೆಗೆದು ನೋಡಿ.

ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಜವಾಬ್ದಾರಿ ನಿಮ್ಮದೇ ಆಗಿರಬೇಕು. ಹಾಗಾಗಿ ಶಾಲೆಗೆ ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತು ಹಾರುವ ಸ್ಥಿತಿಯಲ್ಲಿ ವಿಮಾನ ಎಷ್ಟಿವೆ, ಮಕ್ಕಳು ಎಷ್ಟು? ಬ್ರೋಷರಿನ ವಿಮಾನದಲ್ಲಿ ಅರ್ಧ ರಿಪೇರಿಗೆ ನಿಂತಿರುತ್ತವೆ. ನನ್ನ ಗೆಳೆಯನೊಬ್ಬ, ಅಂಕೋಲಾದವನು, ಹೊರರಾಜ್ಯದ ಒಂದು ಶಾಲೆಗೆ ಪೂರ್ತಿ ದುಡ್ಡು ಒಮ್ಮೆಲೇ ಕಟ್ಟಿದ. ಹಾಗೆ ಕಟ್ಟಿದರೆ ಎರಡು ಲಕ್ಷ ರಿಯಾಯಿತಿ ಅಂದಿದ್ದರು. ಹದಿನಾಲ್ಕು ತಿಂಗಳಲ್ಲಿ ಅವನು ಹಾರಿದ್ದು 60 ಗಂಟೆ. ಒಂದು ವಿಮಾನಕ್ಕೆ ಇಂಜಿನ್ ಇಲ್ಲ, ಇನ್ನೊಂದಕ್ಕೆ ಕಲಿಸುವವರಿಲ್ಲ, ಆಮೇಲೆ ಮಳೆಗಾಲ, ಆಮೇಲೆ ಮಂಜು. ಬೆಳಿಗ್ಗೆ ಐದಕ್ಕೆ ಯೂನಿಫಾರ್ಮ್ ಇಸ್ತ್ರಿ ಮಾಡಿ ಹಾಕಿಕೊಂಡು ಬೋರ್ಡಿನಲ್ಲಿ ಹೆಸರು ಹುಡುಕುವುದು, ಇಲ್ಲ ಅಂತಾದ ಮೇಲೆ ರೂಮಿಗೆ ಬಂದು ಅದೇ ಯೂನಿಫಾರ್ಮಿನಲ್ಲಿ ಮಲಗುವುದು. ಅವನು ಕೊನೆಗೆ ಲೈಸೆನ್ಸ್ ತೆಗೆದುಕೊಂಡ, ಈಗ ಹಾರಿಸುತ್ತಿದ್ದಾನೆ. ಎರಡು ವರ್ಷದ್ದು ನಾಲ್ಕು ವರ್ಷ ಆಯಿತು ಅಷ್ಟೇ.

ಅದಕ್ಕೇ ಶಾಲೆಗೆ ಹೋದರೆ ಆಫೀಸಿನ ಎಸಿ ರೂಮಿಗಿಂತ ಮೊದಲು ಗೇಟಿನ ಹೊರಗಿನ ಚಹಾದಂಗಡಿಗೆ ಹೋಗಿ. ಅಲ್ಲಿ ನಿಂತ ಹುಡುಗರನ್ನು ಕೇಳಿ, ಹೋದ ತಿಂಗಳು ಎಷ್ಟು ಗಂಟೆ ಹಾರಿದಿರಿ, ಸೇರಿ ಎಷ್ಟು ದಿನ ಆಯಿತು ಅಂತ. ಐದು ಜನ ಹೇಳುವ ಲೆಕ್ಕ ಯಾವ ಶ್ರೇಣಿಗೂ ಕಡಿಮೆಯಲ್ಲ. ದುಡ್ಡು ಕಂತಿನಲ್ಲಿ ಕಟ್ಟಿ, ಹಾರಿದ ಗಂಟೆಗೆ ತಕ್ಕ ಹಾಗೆ. ಮಧ್ಯ ಬಿಟ್ಟರೆ ಎಷ್ಟು ವಾಪಸ್ ಅನ್ನುವುದು ಕಾಗದದಲ್ಲಿ ಇರಲಿ. "ನಮ್ಮಲ್ಲಿ ಯಾರೂ ಬಿಡೋದಿಲ್ಲ ಸರ್" ಅನ್ನುವವರ ಹತ್ತಿರ ಮಾತು ಮುಂದುವರಿಸಬೇಡಿ.

ವಿದೇಶದಲ್ಲಿ ಬೇಗ ಆಗುತ್ತದೆ, ನಿಜ. ಅಲ್ಲಿ ಲೈಸೆನ್ಸ್ ತಂದರೂ ಇಲ್ಲಿ ಡಿಜಿಸಿಎ ಪೇಪರು ಬರೆದು, ಇಲ್ಲಿನ ಹಾರಾಟ ಪರೀಕ್ಷೆ ಕೊಟ್ಟು ಬದಲಾಯಿಸಿಕೊಳ್ಳಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಹೆಜ್ಜೆ 8: ಎಲ್ಲಿಗೆ ನಿಲ್ಲಿಸುವುದು ಅಂತ ಮೊದಲೇ ಬರೆದಿಡಿ

ಮನೆಯವರೆಲ್ಲ ಒಟ್ಟಿಗೆ ಕೂತು ಬರೆಯಬೇಕು. ಕ್ಲಾಸ್ ಒನ್ ಇಂಥ ತಿಂಗಳೊಳಗೆ ಬರದಿದ್ದರೆ ಕಾಲೇಜು. ಎರಡು ಪ್ರಯತ್ನದಲ್ಲಿ ಪೇಪರು ಪಾಸಾಗದಿದ್ದರೆ ಮತ್ತೆ ಮಾತುಕತೆ. ಒಟ್ಟು ಖರ್ಚು ಇಷ್ಟು ದಾಟಿದರೆ ಇನ್ನೊಂದು ಸಾಲ ಇಲ್ಲ. ದುಡ್ಡು ಅರ್ಧ ಹೋದ ಮೇಲೆ ಯಾರ ತಲೆಯೂ ಓಡುವುದಿಲ್ಲ, "ಇಷ್ಟು ಹಾಕಿದ್ದೇವೆ, ಇನ್ನು ಸ್ವಲ್ಪ" ಅಂತಲೇ ಅನ್ನಿಸುತ್ತದೆ. ನನ್ನ ಕೌಂಟರಿನ ಆ ಕಡೆ ಕೂತು ಇದೇ ಮಾತು ಹೇಳಿದ ಅಪ್ಪಂದಿರನ್ನು ನೋಡಿದ್ದೇನೆ.

ಅಕ್ಕನ ಮನೆಯಲ್ಲಿ ಆ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅವಳು ಕಾಲೇಜಿನ ಸೀಟು ಬಿಟ್ಟುಕೊಡುವುದಿಲ್ಲ. ಎನ್‌ಡಿಎಗೆ ಅರ್ಜಿ ಹಾಕಿದ್ದಾಳೆ. ಕ್ಲಾಸ್ ಟೂ ಆಗಿದೆ. ಬಣ್ಣದ ಪುಸ್ತಕದಲ್ಲಿ ಅವಳಿಗೆ 74 ಕಂಡಿತಂತೆ, ಹೊರಗೆ ಬಂದ ಕೂಡಲೇ ಫೋನ್ ಮಾಡಿದ್ದು ನನಗೆ. ಭಾವನಿಗೆ ಈಗಲೂ ಪೂರ್ತಿ ಮನಸ್ಸಿಲ್ಲ, ಆದರೆ "ಅಡ್ಡಿಲ್ಲೆ, ಕ್ಲಾಸ್ ಒನ್ ಬರಲಿ" ಅನ್ನುವವರೆಗೆ ಬಂದಿದ್ದಾರೆ.

ಕ್ಲಾಸ್ ಒನ್ ಮುಂದಿನ ವಾರ ಬೆಂಗಳೂರಿನಲ್ಲಿ. ಮಂಗಳವಾರ ಬೆಳಿಗ್ಗೆ ಅಪಾಯಿಂಟ್‌ಮೆಂಟ್, ಸೋಮವಾರ ರಾತ್ರಿ ಬಸ್ಸಿಗೆ ಹೋಗುತ್ತೇವೆ ಅಂದರು. ಬೇಡ ಅಂದೆ. ಘಟ್ಟದ ತಿರುವಿನಲ್ಲಿ ರಾತ್ರಿ ಇಡೀ ಕುಲುಕಿಸಿಕೊಂಡು, ಕಣ್ಣು ಕೆಂಪು ಮಾಡಿಕೊಂಡು, ನೇರ ಹೋಗಿ ಬಿಪಿ ನೋಡಿಸಿದರೆ ಏರದೆ ಏನಾಗುತ್ತದೆ? ಭಾನುವಾರವೇ ಹೋಗಿ ದೊಡ್ಡಮ್ಮನ ಮನೆಯಲ್ಲಿ ಉಳಿಯಿರಿ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿ. ಖಾಲಿ ಹೊಟ್ಟೆಯಲ್ಲಿ ಬರಬೇಕಾ ಅಂತ ಹಿಂದಿನ ದಿನ ಕೇಳಿಕೊಳ್ಳಿ. ಕ್ಲಾಸ್ ಟೂ ಕಾಗದಗಳ ಮೂಲಪ್ರತಿ, ಆಧಾರ್, ಫೋಟೋ ಒಂದೇ ಕವರಿನಲ್ಲಿ ಇರಲಿ. ಕನ್ನಡಕ ಮರೆಯಬೇಡಿ, ಹಳೆಯ ನಂಬರಿನದ್ದು ಅಲ್ಲ, ಈಗಿನದ್ದು.